ಮದುವೆ ಔಷಧಿಯಲ್ಲ, ಸೊಸೆ ವೈದ್ಯಳಲ್ಲ

(ತಾಲ್ಲೂಕು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಿವೃತ್ತ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಿಮ್ಮ ಒಕ್ಕೂಟದ ಅಧ್ಯಕ್ಷೆ ಮನೆಗೆ ಬಂದು, "ಮೇಡಂ, ಊರಿನ ಹುಡುಗರು ಚಟ ಹತ್ತಿಸಿಕೊಂಡು ಹಾಳಾಗ್ತಾ ಇದ್ದಾರೆ, ಅದರ ಬಗ್ಗೆ ಬಂದು ನಾಲ್ಕು ಮಾತು ಹೇಳಿ" ಎಂದು ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವಳು ನಾನು. ಮಾತಾಡುವುದು ನನಗೆ ಕಷ್ಟವಲ್ಲ. ಆದರೆ ಈ ವಿಷಯ ಮಾತಾಡುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗುತ್ತದೆ. ಅದಕ್ಕೆ ಧೈರ್ಯ ಬರಲು ಎರಡು ದಿನ ಬೇಕಾಯಿತು.

ನನ್ನ ತಂಗಿಯ ಮಗ ಪಿ.ಯು.ಸಿ. ಓದಲು ನಮ್ಮ ಮನೆಯಲ್ಲೇ ಇದ್ದ. ಒಳ್ಳೆಯ ಹುಡುಗ. ಬಟ್ಟೆ ಒಗೆಯಲು ಹಾಕುವಾಗ ಅವನ ಅಂಗಿಯ ಜೇಬಿನಲ್ಲಿ ಗುಟ್ಕಾ ಚೀಟಿ ಸಿಕ್ಕುತ್ತಿತ್ತು. ಕಾಲೇಜು ವಾರ್ಷಿಕೋತ್ಸವದ ರಾತ್ರಿ ಮನೆಗೆ ಬಂದಾಗ ಬಾಯಿಂದ ಬಿಯರಿನ ವಾಸನೆ. ಆಗ ಅವನಿಗೆ ಹದಿನೇಳು ವರ್ಷ. ವಯಸ್ಸು, ತಿಳಿವಳಿಕೆ ಬಂದ ಮೇಲೆ ತಾನೇ ಬಿಡುತ್ತಾನೆ ಎಂದುಕೊಂಡೆ. ತಂಗಿಗೆ ಹೇಳಲಿಲ್ಲ. ಹೇಳಿದರೆ, "ನಿಮ್ಮ ಮನೆಯಲ್ಲಿಟ್ಟು ನೀವೇನು ನೋಡಿಕೊಂಡಿರಿ?" ಎಂದು ಕೇಳುತ್ತಾಳೆಂಬ ಹೆದರಿಕೆ ಬೇರೆ.

ಹತ್ತು ವರ್ಷದ ಮೇಲೆ ಅವನು ದಿನಾ ಕುಡಿಯುವವನಾಗಿದ್ದ. ಮನೆಯಲ್ಲಿ ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬಂದರು. ಆ ತೀರ್ಮಾನ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. "ಒಂದು ಮದುವೆ ಅಂತ ಮಾಡಿದರೆ ಜವಾಬ್ದಾರಿ ಬರುತ್ತೆ, ಸರಿ ಹೋಗ್ತಾನೆ." ಹೆಣ್ಣು ನೋಡಲು ಹೋದೆವು. ಓದಿದವಳು, ಹಿರಿಯಳು ಎಂದು ನನ್ನನ್ನು ಮುಂದೆ ಕೂರಿಸಿದರು. ಹುಡುಗಿಯ ಅಪ್ಪ ಕೈ ಮುಗಿದು, "ಮೇಡಂ, ನೀವು ಪಾಠ ಹೇಳೋರು, ನಿಮ್ಮ ಮಾತೇ ನಮಗೆ ಸಾಕು. ಹುಡುಗನಿಗೆ ಚಟ ಗಿಟ ಏನೂ ಇಲ್ಲ ತಾನೆ?" ಎಂದು ಕೇಳಿದರು. ನಾನು, "ಅಂಥದ್ದೇನೂ ಇಲ್ಲ" ಎಂದೆ. ಬಂಗಾರ, ಬೈಕು, ಕೈಗೆ ಎರಡು ಲಕ್ಷ ಎಂದು ಮಾತಾಯಿತು. 1961ರಿಂದ ಈ ದೇಶದಲ್ಲಿ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅದನ್ನು ತರಗತಿಯಲ್ಲಿ ಹೇಳಿಕೊಡುತ್ತಿದ್ದವಳು ಅಲ್ಲೇ ಕೂತಿದ್ದೆ.

ಬಂಗಾರ ಗಿರವಿ ಅಂಗಡಿಗೆ ಹೋಯಿತು. ಬೈಕು ಮಾರಿದ್ದಾಯಿತು. ತವರಿನಿಂದ ಇನ್ನಷ್ಟು ತಾ ಎಂದು ಶುರುವಾಯಿತು. ಮೂರನೆಯ ವರ್ಷ ಆ ಮಗು ಮುಂಗೈ ಮುರಿದುಕೊಂಡು ತವರು ಸೇರಿತು. ನಾನು ನೋಡಲು ಹೋದಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: "ದೊಡ್ಡತ್ತೆ, ನೋಡೋಕೆ ಬಂದ ದಿನ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಚಟ ಹತ್ತಿದ ಮಗನನ್ನು ರಿಪೇರಿ ಮಾಡಲು ಬೇರೆಯವರ ಮನೆಯ ಹೆಣ್ಣುಮಗಳನ್ನು ತರುವುದು, ಆ ರಿಪೇರಿಯ ಖರ್ಚನ್ನೂ ವರದಕ್ಷಿಣೆ ಎಂದು ಅವಳ ಅಪ್ಪನಿಂದಲೇ ವಸೂಲಿ ಮಾಡುವುದು, ರಿಪೇರಿ ಆಗದಿದ್ದರೆ "ಗಂಡನನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಲು ಬರದವಳು" ಎಂದು ಅವಳನ್ನೇ ದೂರುವುದು. ಇದಕ್ಕಿಂತ ದೊಡ್ಡ ಮೋಸ ಇದೆಯೇ? ನಮ್ಮ ಎಷ್ಟು ಮನೆಗಳಲ್ಲಿ ಇದು ನಡೆದಿದೆ ಎಂದು ಒಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಗಂಡ ಹೊಡೆಯುವುದು ಕುಡಿತದಿಂದ ಮಾತ್ರ ಎಂದು ತಿಳಿಯಬಾರದು. ಕುಡಿಯದೆ ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ಕುಡಿದವನೂ ದಾರಿಯಲ್ಲಿ ಸಿಕ್ಕ ಪೊಲೀಸಿನವನನ್ನು ಹೊಡೆಯುವುದಿಲ್ಲ, ಮನೆಯವರೆಗೂ ನಡೆದು ಬಂದು ಹೆಂಡತಿಯನ್ನೇ ಹೊಡೆಯುತ್ತಾನೆ. ಕೈ ಎತ್ತುವುದಕ್ಕೆ ಕುಡಿತ ನೆಪವಾಗುತ್ತದೆ, ಹೊಡೆತದ ಜೋರನ್ನು ಹೆಚ್ಚಿಸುತ್ತದೆ, ಮನೆಯ ಅಕ್ಕಿ ಕಾಳಿನ ದುಡ್ಡನ್ನು ನುಂಗುತ್ತದೆ. ಹೆಂಡತಿಯನ್ನು ಹೊಡೆಯಬಹುದು ಎಂಬ ತಿಳಿವಳಿಕೆ ಮಾತ್ರ ಬಾಟಲಿಯಿಂದ ಬಂದದ್ದಲ್ಲ, ನಾವು ಗಂಡುಮಕ್ಕಳನ್ನು ಬೆಳೆಸಿದ ರೀತಿಯಿಂದ ಬಂದದ್ದು.

ಎಲ್ಲರೂ ನೋಡಿದ್ದರು

ನನ್ನ ತಂಗಿಯ ಮಗ ಮದುವೆಯಾದ ಮೇಲೆ ಹಾಳಾದವನಲ್ಲ. ಹದಿನಾರು ಹದಿನೇಳರಲ್ಲೇ ಶುರುವಾಗಿತ್ತು. ಆಗ ಯಾರಿಗೂ ಗೊತ್ತಿರಲಿಲ್ಲವೇ? ನನಗೆ ಚೀಟಿ ಸಿಕ್ಕಿತ್ತು. ಅಂಗಡಿಯವನು ದಿನಾ ಮಾರುತ್ತಿದ್ದ. ಅವನ ಮೇಷ್ಟರು ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುವುದನ್ನು ನೋಡಿದ್ದರು. ಊರಿಗೆ ಹೋದಾಗ ತಾಯಿಗೆ ಡಬ್ಬಿಯ ದುಡ್ಡು ಕಡಿಮೆಯಾಗಿದ್ದು ಗೊತ್ತಾಗಿತ್ತು. ಜೊತೆಯ ಹುಡುಗರಿಗಂತೂ ಎಲ್ಲವೂ ಗೊತ್ತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೂರು ಇತ್ತು. ಆ ಚೂರುಗಳನ್ನು ಒಂದು ಕಡೆ ತಂದು ಜೋಡಿಸುವ ಜಾಗ ಇರಲಿಲ್ಲ. ಅಂಥ ಜಾಗವನ್ನು ಊರಲ್ಲಿ ಮಾಡಿಕೊಳ್ಳುವುದು ಹೇಗೆ ಎನ್ನುವುದೇ ಇವತ್ತಿನ ನನ್ನ ಮಾತು.

ಮೊದಲು ಸ್ವಲ್ಪ ಲೆಕ್ಕ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆ ದೇಶದಾದ್ಯಂತ ಒಂದು ಸಮೀಕ್ಷೆ ನಡೆಸಿತು. 2019ರಲ್ಲಿ ಅದರ ವರದಿ ಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನಕ್ಕೆ ಅದು ರೋಗದ ಮಟ್ಟಕ್ಕೆ ಮುಟ್ಟಿ ಚಿಕಿತ್ಸೆಯ ನೆರವು ಬೇಕಾಗಿದೆ. ಕುಡಿಯುವ ಒಬ್ಬ ಹೆಂಗಸಿಗೆ ಹದಿನೇಳು ಗಂಡಸರು. ಕುಡಿಯುವವರು ಅವರು, ಅದರ ಫಲ ಉಣ್ಣುವವರು ನಾವು. ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ವೈಟ್‌ನರ್, ಪಂಕ್ಚರ್ ಹಾಕುವ ಸಲ್ಯೂಷನ್, ಪೆಟ್ರೋಲು ಇಂಥವನ್ನು ಮೂಸುವ ಚಟವೊಂದೇ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿದೆ. ದೊಡ್ಡವರಲ್ಲಿ ನೂರಕ್ಕೆ 0.58, ಹತ್ತರಿಂದ ಹದಿನೇಳು ವರ್ಷದ ಮಕ್ಕಳಲ್ಲಿ 1.17. ಕಾರಣ ಸರಳ. ಅದು ಅಗ್ಗ, ಪುಸ್ತಕದ ಅಂಗಡಿಯಲ್ಲೂ ಸೈಕಲ್ ಶಾಪಿನಲ್ಲೂ ಸಿಗುತ್ತದೆ, ಮನೆಯವರಿಗೆ ಅನುಮಾನವೂ ಬರುವುದಿಲ್ಲ.

ಮನುಷ್ಯನ ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದವರೆಗೂ ಬೇಕು ಎನ್ನುತ್ತಾರೆ ವೈದ್ಯರು. ದುಡುಕಿಗೆ ಕಡಿವಾಣ ಹಾಕುವ ಭಾಗ ಕೊನೆಗೆ ಬಲಿಯುತ್ತದೆ. ಎಷ್ಟು ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತದೋ ಅಷ್ಟು ಬಿಗಿಯಾಗಿ ಚಟ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹದಿನಾಲ್ಕು ವರ್ಷದವನು ಇಪ್ಪತ್ತೊಂದರವರೆಗೆ ಮುಟ್ಟದಂತೆ ನೋಡಿಕೊಂಡರೂ ಅರ್ಧ ಗೆದ್ದಂತೆ.

ನೆಲ್ಲೂರಿನ ಹೆಂಗಸರು ಮತ್ತು ದೂರದ ಒಂದು ದ್ವೀಪ

ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1990ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಕೂಲಿ ಮಾಡಿ ಬಂದ ಹೆಂಗಸರು ರಾತ್ರಿ ಲಾಟೀನಿನ ಬೆಳಕಿನಲ್ಲಿ ಅಕ್ಷರ ಕಲಿತರು. ಅವರ ಪಾಠದಲ್ಲಿ ಸಾರಾಯಿಯಿಂದ ಹಾಳಾಗುವ ಸಂಸಾರದ ಕಥೆಗಳಿದ್ದವು. ಪಾಠ ಓದುತ್ತಾ ಓದುತ್ತಾ, ಇದು ನಮ್ಮದೇ ಕಥೆ ಎಂದು ಅವರಿಗನ್ನಿಸಿತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಒಟ್ಟಾಗಿ ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ಇಡೀ ಜಿಲ್ಲೆಗೆ, ಆಮೇಲೆ ರಾಜ್ಯಕ್ಕೇ ಹಬ್ಬಿತು. 1993ರ ಅಕ್ಟೋಬರ್ 1ರಂದು ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. 1995ರಲ್ಲಿ ಪೂರ್ತಿ ಪಾನನಿರೋಧವೇ ಬಂತು. ಆದರೆ 1997ರಲ್ಲಿ ಅದನ್ನು ಸಡಿಲಿಸಿದರು. ಬೊಕ್ಕಸಕ್ಕೆ ದುಡ್ಡು ಬೇಕಾಗಿತ್ತು.

ನಮ್ಮ ಕರ್ನಾಟಕದಲ್ಲೂ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ ಪ್ಯಾಕೆಟ್ ಬಂದು ಕೂತಿತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಮಾರತೊಡಗಿದರು. ಎರಡನ್ನೂ ಕೈಯಲ್ಲಿ ಸುರಿದುಕೊಂಡು ಹುಡುಗರೇ ಬೆರೆಸಿಕೊಳ್ಳುತ್ತಾರೆ. ನೆಲ್ಲೂರಿನ ಹೆಂಗಸರಿಂದ ನಾವು ಕಲಿಯುವ ಧೈರ್ಯ ದೊಡ್ಡದು. ಜೊತೆಗೆ ಇನ್ನೊಂದು ಪಾಠವೂ ಇದೆ. ಅಂಗಡಿ ಮುಚ್ಚಿಸುವುದು ಒಂದು ದಿನದ ಕೆಲಸ, ಹುಡುಗನ ಸಂಜೆ ತುಂಬಿಸುವುದು ದಿನದಿನದ ಕೆಲಸ.

ಅದನ್ನು ಮಾಡಿ ತೋರಿಸಿದ ದೇಶ ಒಂದಿದೆ. ಉತ್ತರ ಸಮುದ್ರದ ಆಚೆ ಐಸ್‌ಲ್ಯಾಂಡ್ ಎಂಬ ದ್ವೀಪ. ನಾಲ್ಕು ಲಕ್ಷದಷ್ಟು ಜನಸಂಖ್ಯೆ, ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. 1998ರಲ್ಲಿ ಅಲ್ಲಿನ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. 2016ರಲ್ಲಿ ಆ ಸಂಖ್ಯೆ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು 23ರಿಂದ 3ಕ್ಕೆ ಇಳಿದರು. ಅವರು ಮಕ್ಕಳಿಗೆ ಬರೀ ಭಾಷಣ ಮಾಡಲಿಲ್ಲ. ಶಾಲೆಯಲ್ಲಿ ಹೆಸರಿಲ್ಲದ ಪ್ರಶ್ನೆಪತ್ರಿಕೆ ಕೊಟ್ಟು, ಎಲ್ಲಿ ಏನು ನಡೆಯುತ್ತಿದೆ ಎಂದು ಮಕ್ಕಳಿಂದಲೇ ತಿಳಿದರು. ಆಟ, ಸಂಗೀತ, ನೃತ್ಯಕ್ಕೆ ಸರ್ಕಾರ ಹಣ ಕೊಟ್ಟಿತು. ಹದಿಮೂರರಿಂದ ಹದಿನಾರರ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಒಂಟಿಯಾಗಿ ಬೀದಿಯಲ್ಲಿರಬಾರದು ಎಂದು ಕಾನೂನು ಮಾಡಿದರು. ತಂದೆತಾಯಿಗಳು ಪರಸ್ಪರ ಒಪ್ಪಂದ ಬರೆದುಕೊಂಡು, ಸರದಿಯ ಮೇಲೆ ರಾತ್ರಿ ಬೀದಿ ಸುತ್ತಿ ಬಂದರು. ಶ್ರೀಮಂತ ದೇಶ, ಅಲ್ಲಿಯದನ್ನು ಹಾಗೇ ಇಲ್ಲಿಗೆ ತರಲಾಗದು ನಿಜ. ಆದರೆ ಮಕ್ಕಳನ್ನು ಕೇಳುವುದಕ್ಕೆ, ತಾಯಂದಿರು ಮಾತಾಡಿಕೊಳ್ಳುವುದಕ್ಕೆ, ಸಂಜೆ ಒಂದು ಸುತ್ತು ಹೋಗಿ ಬರುವುದಕ್ಕೆ ಶ್ರೀಮಂತಿಕೆ ಏಕೆ ಬೇಕು?

ನಮ್ಮ ಊರಿನಲ್ಲಿ ನಡೆದದ್ದು

ನಿವೃತ್ತಿಯ ಮೇಲೆ ನಾನು ಹುಟ್ಟೂರಿಗೆ ಬಂದು ನೆಲೆಸಿದೆ. ಅಲ್ಲಿನ ಎರಡು ಸಂಘದವರು ಸೇರಿ ಒಂದು ಸಭೆ ಕರೆದೆವು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಹೈಸ್ಕೂಲಿನ ಪಿ.ಟಿ. ಮೇಷ್ಟರು, ಪಂಚಾಯಿತಿ ಸದಸ್ಯರಿಬ್ಬರು, ಔಷಧಿ ಅಂಗಡಿಯವರು, ಬೀಟ್ ಪೊಲೀಸ್, ಯುವಕ ಸಂಘದ ಹುಡುಗರು ಬಂದರು. ಮೊದಲ ಸಭೆ ಪೂರ್ತಿ ಜಗಳ. ಮೇಷ್ಟರು ತಂದೆತಾಯಿಗಳದ್ದು ತಪ್ಪು ಎಂದರು. ತಂದೆಯರು ಪೊಲೀಸರದ್ದು ಎಂದರು. ಒಬ್ಬ ಯಜಮಾನರು ಎದ್ದು, "ತಾಯಂದಿರು ಸಲಿಗೆ ಕೊಟ್ಟು ಕೆಡಿಸಿದ್ದಾರೆ" ಎಂದರು. ಹೊತ್ತು ಹುಟ್ಟುವ ಮೊದಲು ಎದ್ದು ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿ ಯಾವಾಗ ಸಲಿಗೆ ಕೊಟ್ಟಳು ಎಂದು ನಮ್ಮ ಸಂಘದ ಒಬ್ಬಳು ಕೇಳಿದಳು. ಉತ್ತರ ಬರಲಿಲ್ಲ.

ಮುಂದಿನ ವಾರ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಹೆಸರು ಬರೆಯದ ಚೀಟಿ ಕೊಟ್ಟೆವು. ಏನು ನೋಡಿದ್ದೀರಿ, ಎಲ್ಲಿ ಸಿಗುತ್ತದೆ, ಮೊದಲು ಕೈಗೆ ಬಂದದ್ದು ಹೇಗೆ ಎಂದು ಮೂರೇ ಪ್ರಶ್ನೆ. ಗಾಂಜಾ ಎಂದು ನಾವೆಲ್ಲ ಹೆದರಿದ್ದೆವು. ಅದೂ ಇತ್ತು, ಬಸ್ ಸ್ಟ್ಯಾಂಡಿನ ಹಿಂದೆ. ಆದರೆ ಹೆಚ್ಚಿನ ಚೀಟಿಗಳಲ್ಲಿ ಬರೆದಿದ್ದ ಮಾತು ಬೇರೆಯೇ. "ಅಪ್ಪ ಅಂಗಡಿಗೆ ಕಳಿಸಿದಾಗ." "ಮಾವ ಬೀಡಿ ಹಚ್ಚಿಕೊಂಡು ಬಾ ಅಂದಾಗ." "ಕ್ರಿಕೆಟ್ ಟೂರ್ನಮೆಂಟ್ ಗೆದ್ದಾಗ ಬಿಯರ್ ಕೊಡಿಸಿದ್ರು." "ಎಲೆಕ್ಷನ್ ಟೈಮಲ್ಲಿ." ಚಟದ ಮೊದಲ ಪ್ಯಾಕೆಟನ್ನು ಮಗುವಿನ ಕೈಗಿಟ್ಟವರು ಊರ ಹೊರಗಿನ ಕಳ್ಳರಲ್ಲ, ನಾವೇ. ಆ ಚೀಟಿಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ ಜಗಳ ತಾನಾಗಿ ನಿಂತಿತು.

ಮೊದಲ ತೀರ್ಮಾನ ಅಲ್ಲೇ ಆಯಿತು. ಯಾರೂ ಮಕ್ಕಳನ್ನು ಬೀಡಿ, ಗುಟ್ಕಾ, ಹೆಂಡ ತರಲು ಕಳಿಸಬಾರದು, ಯಾವ ಅಂಗಡಿಯವರೂ ಮಕ್ಕಳ ಕೈಗೆ ಕೊಡಬಾರದು. ಕಾನೂನೂ ನಮ್ಮ ಕಡೆಗಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆ ಮತ್ತು ಅದಕ್ಕೆ ಕರ್ನಾಟಕ ಮಾಡಿದ ತಿದ್ದುಪಡಿಯ ಪ್ರಕಾರ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರಬಾರದು, ಶಾಲೆ ಕಾಲೇಜಿನಿಂದ ನೂರು ಮೀಟರಿನೊಳಗೆ ಯಾರಿಗೂ ಮಾರಬಾರದು. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು.

ಇಲ್ಲಿಯೇ ನಮಗೆ ನಿಜವಾದ ಕಷ್ಟ ಎದುರಾಯಿತು. ಶಾಲೆಯ ಗೇಟಿನ ಎದುರಿನ ಗೂಡಂಗಡಿ ನಮ್ಮ ಸಂಘದವಳದ್ದೇ. ಗಂಡ ಇಲ್ಲದವಳು, ಇಬ್ಬರು ಮಕ್ಕಳು. ಅಂಗಡಿಗೆ ಸಾಲ ಕೊಟ್ಟಿದ್ದೂ ನಮ್ಮ ಸಂಘವೇ. ಅವಳು ನೇರವಾಗಿ ಕೇಳಿದಳು: "ಅದನ್ನ ಬಿಟ್ಟರೆ ದಿನಕ್ಕೆ ನನಗೇನು ಉಳಿಯುತ್ತೆ? ಕಂತು ಯಾರು ಕಟ್ತೀರಿ?" ನಮ್ಮ ಉಳಿತಾಯದ ದುಡ್ಡಿನಿಂದ, ನಮ್ಮದೇ ಮಕ್ಕಳಿಗೆ ಗುಟ್ಕಾ ಮಾರಿ, ಅದರ ಬಡ್ಡಿಯನ್ನು ನಾವು ಹಂಚಿಕೊಂಡಿದ್ದೆವು. ಅವಳನ್ನು ಬೈಯುವ ಹಕ್ಕು ಯಾರಿಗಿತ್ತು? ಮೂರು ಸಭೆ ನಡೆಸಿದೆವು. ಕೊನೆಗೆ ಅವಳ ಕಂತು ಆರು ತಿಂಗಳು ಮುಂದೆ ಹಾಕಿದೆವು, ಬಡ್ಡಿ ಬಿಟ್ಟೆವು. ಮೊಟ್ಟೆ, ತರಕಾರಿ, ಸಂಜೆಗೆ ಬೋಂಡಾ ಶುರು ಮಾಡಿದಳು. ಮೊದಲಿನಷ್ಟು ಆದಾಯ ಇವತ್ತಿಗೂ ಇಲ್ಲ, ಸುಳ್ಳು ಹೇಳಲಾರೆ. ಹೆದ್ದಾರಿಯ ಬದಿಯ ಅಂಗಡಿಯವನು ಇನ್ನೂ ಮಾರುತ್ತಾನೆ, ಎರಡು ಬಾರಿ ಅರ್ಜಿ ಕೊಟ್ಟಿದ್ದೇವೆ. ಆದರೆ ಶಾಲೆಯ ಎದುರು ಈಗ ಚೀಟಿಗಳ ಮಾಲೆ ತೂಗುವುದಿಲ್ಲ.

ಎರಡನೆಯದು ಸಂಜೆಯ ಪ್ರಶ್ನೆ. ಶಾಲೆ ಬಿಟ್ಟ ಮೇಲೆ ತಾಯಿ ಮನೆಗೆ ಬರುವವರೆಗಿನ ಎರಡು ಮೂರು ಗಂಟೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಪಂಚಾಯಿತಿಯವರ ಬೆನ್ನು ಹತ್ತಿ ಶಾಲೆಯ ಮೈದಾನಕ್ಕೆ ಎರಡು ದೀಪ ಹಾಕಿಸಿದೆವು, ಗ್ರಂಥಾಲಯವನ್ನು ಸಂಜೆ ತೆರೆಸಿದೆವು. ಪಿ.ಟಿ. ಮೇಷ್ಟರು ವಾರಕ್ಕೆ ನಾಲ್ಕು ದಿನ ನಿಂತು ಕಬಡ್ಡಿ, ವಾಲಿಬಾಲ್ ಆಡಿಸುತ್ತಾರೆ. ಹುಡುಗಿಯರಿಗೂ ಎರಡು ದಿನ ಮೈದಾನ ಬೇಕೆಂದು ನಾವು ಹಟ ಹಿಡಿದೆವು. "ಚಟ ಹುಡುಗರದ್ದು, ಹುಡುಗಿಯರಿಗೇಕೆ ಆಟ?" ಎಂದರು. ಹುಡುಗರು ಕೆಡದಿರಲಿ ಎಂದು ಊರೆಲ್ಲ ದುಡಿಯುವಾಗ ಹುಡುಗಿಯರು ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕೂರಬೇಕೇ? ಈಗ ಮಂಗಳವಾರ, ಶುಕ್ರವಾರ ಅವರ ದಿನ. ಜಾತ್ರೆಯ ಮೂರು ರಾತ್ರಿ ನಾವು ಎಂಟೆಂಟು ಜನ ಟಾರ್ಚ್ ಹಿಡಿದು ಸುತ್ತುತ್ತೇವೆ. ಯಾರನ್ನೂ ಹಿಡಿಯುವುದಿಲ್ಲ, ಬೈಯುವುದಿಲ್ಲ. "ಊಟ ಆಯ್ತೇನಪ್ಪ, ಮನೆಗೆ ಹೋಗೋಣ ಬಾ" ಎನ್ನುತ್ತೇವೆ, ಅಷ್ಟೇ.

ಮಾಡಬಾರದ್ದು ಕೆಲವು

ಒಮ್ಮೆ ಗಾಂಜಾ ಸೇದುತ್ತಿದ್ದ ಹುಡುಗನೊಬ್ಬನನ್ನು ಹಿಡಿದು, ತಲೆ ಬೋಳಿಸಿ ಕಂಬಕ್ಕೆ ಕಟ್ಟಬೇಕೆಂದು ಕೆಲವರು ಹೊರಟರು. ನಾವು ಅಡ್ಡ ನಿಂತೆವು. ಅವಮಾನ ಮಾಡಿದರೆ ಹುಡುಗ ಊರು ಬಿಡುತ್ತಾನೆ, ಇಲ್ಲವೇ ಜೀವ ಬಿಡುತ್ತಾನೆ. ಚಟ ಬಿಡುವುದಿಲ್ಲ. ಮಾರುವವನು ಬೇರೆ, ಅದಕ್ಕೆ ಬಲಿಯಾದವನು ಬೇರೆ. 1985ರ ಮಾದಕ ವಸ್ತು ಕಾಯಿದೆಯಲ್ಲೂ, ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಅವನನ್ನು ಶಿಕ್ಷೆಯಿಂದ ಪಾರುಮಾಡುವ 64ಎ ಎಂಬ ಕಲಮು ಇದೆ.

ಇನ್ನೊಂದು ಮಾತು. "ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಎಂದು ಪುಡಿ ಮಾರುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಪ್ರಾಣಕ್ಕೇ ಅಪಾಯ. ಗೊತ್ತಿಲ್ಲದೆ ತಿಂದವನು ಕುಡಿದೇ ಕುಡಿಯುತ್ತಾನೆ. ಹಾಗೆಯೇ ವರ್ಷಗಟ್ಟಲೆ ದಿನಾ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆಯಾಗಬಹುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಇದು ರೋಗ, ಮತ್ತೆ ಮತ್ತೆ ಮರುಕಳಿಸುವ ರೋಗ. ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ಚಿಕಿತ್ಸೆ ಸುಳ್ಳಾಯಿತು ಎಂದುಕೊಳ್ಳಬೇಡಿ.

ಈ ನಂಬರುಗಳನ್ನು ಸಂಘದ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಳ್ಳಿ. ಚಟ ಬಿಡಿಸುವ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ 181. ತುರ್ತಿಗೆ 112. ಗಂಡ ಕುಡಿದಾದರೂ ಹೊಡೆಯಲಿ, ಕುಡಿಯದೆಯಾದರೂ ಹೊಡೆಯಲಿ, 2005ರ ಕೌಟುಂಬಿಕ ಹಿಂಸೆ ಕಾಯಿದೆ ನಿಮ್ಮ ರಕ್ಷಣೆಗಿದೆ. "ಅವನು ಆಸ್ಪತ್ರೆಗೆ ಹೋಗ್ತಾ ಇದ್ದಾನೆ, ಸ್ವಲ್ಪ ತಡಕೋ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅವನ ಚಿಕಿತ್ಸೆ ಅವನದು, ನಿಮ್ಮ ಪ್ರಾಣ ನಿಮ್ಮದು.

ಕೊನೆಯ ಮಾತು

ಹೋದ ವರ್ಷ ನಮ್ಮ ನೆಂಟರಲ್ಲೇ ಮತ್ತೊಂದು ಸಂಬಂಧ ಕುದುರಿತು. ಹುಡುಗ ದಿನಾ ಕುಡಿಯುವವನೆಂದು ನನಗೆ ಗೊತ್ತಿತ್ತು. ಹೆಣ್ಣಿನ ತಾಯಿ ನನ್ನ ಮನೆಗೇ ಬಂದು ವಿಚಾರಿಸಿದರು. ಈ ಬಾರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮದುವೆ ನಿಂತಿತು. ಹುಡುಗನ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ತಂಗಿಯೂ ಹಬ್ಬಕ್ಕೆ ಕರೆಯಲಿಲ್ಲ. ನೋವಾಗುತ್ತದೆ, ಇಲ್ಲವೆನ್ನಲಾರೆ. ಆದರೆ ಆ ಹುಡುಗ ಈಗ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾನೆಂದು ಕೇಳಿದ್ದೇನೆ. ಮದುವೆ ಆಗಿಹೋಗಿದ್ದರೆ ಯಾರು ಕರೆದುಕೊಂಡು ಹೋಗುತ್ತಿದ್ದರು? ಆ ಭಾರವನ್ನು ಬಂದವಳ ತಲೆಗೆ ಕಟ್ಟಿ ಎಲ್ಲರೂ ನಿರಾಳವಾಗಿಬಿಡುತ್ತಿದ್ದರು.

ಅಕ್ಕತಂಗಿಯರೇ, ನಾನು ನಿಮ್ಮಲ್ಲಿ ಕೇಳುವುದು ಎರಡೇ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ಅರ್ಧ ಗಂಟೆ ಕೂತುಕೊಳ್ಳಿ. ಶಾಲೆ ಬಿಟ್ಟ ಮೇಲೆ ನಮ್ಮ ಮಕ್ಕಳು ಎಲ್ಲಿರುತ್ತಾರೆ ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಕೈಯಲ್ಲಿರುವ ಚೂರುಗಳನ್ನು ಅಲ್ಲಿ ಇಡಿ. ಎರಡನೆಯದು, ಸಂಘದ ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಚಟವಿರುವ ಹುಡುಗನಿಗೆ ಅದನ್ನು ಮುಚ್ಚಿಟ್ಟು ಹೆಣ್ಣು ಕೇಳಲು ನಮ್ಮ ಸಂಘದ ಯಾವ ಸದಸ್ಯೆಯೂ ಹೋಗುವುದಿಲ್ಲ.

ಅಂದು ಕೈ ಮುರಿದುಕೊಂಡು ಬಂದ ಆ ಹುಡುಗಿ ಈಗ ತವರೂರಿನಲ್ಲಿ ಹೊಲಿಗೆ ಮಾಡಿಕೊಂಡು ಸ್ವಂತ ಕಾಲಿನ ಮೇಲೆ ನಿಂತಿದ್ದಾಳೆ. ಈ ಭಾಷಣದಲ್ಲಿ ಅವಳ ಕಥೆ ಹೇಳಬಹುದೇ ಎಂದು ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿ ದೊಡ್ಡತ್ತೆ, ನೀವು ಸುಳ್ಳು ಹೇಳಿದ್ದನ್ನೂ ಸೇರಿಸಿ ಹೇಳಿ" ಎಂದಳು. ಸೇರಿಸಿ ಹೇಳಿದ್ದೇನೆ.